ಹೊಂಗೆಯ ಬುಡದಲ್ಲೊಂದು ತಕ್ಕಡಿ

ಕಳೆದ ತಪಸ್ಸುಕಾಲದಲ್ಲಿ ಊರಿಗೆ ಹೋಗಿದ್ದೆ. ನಮ್ಮದು ಕನಕಪುರ ತಾಲ್ಲೂಕಿನ ಒಂದು ಪುಟ್ಟ ಹಳ್ಳಿ. ಬಸ್ಸಿಳಿದು ಕೆರೆ ಏರಿಯ ಮೇಲೆ ನಡೆದು ಹೋಗುತ್ತಿದ್ದಾಗ ಕಾಲಡಿಯಲ್ಲಿ ಚಟಚಟನೆ ಏನೋ ಮುರಿದ ಸದ್ದಾಯಿತು. ಬಗ್ಗಿ ನೋಡಿದರೆ ಒಣಗಿದ ಹೊಂಗೆಕಾಯಿ. ಏರಿಯುದ್ದಕ್ಕೂ ಕಾಯಿ ಉದುರಿ ಬಿದ್ದಿತ್ತು. ಬೈಕು, ಟ್ರ್ಯಾಕ್ಟರುಗಳ ಚಕ್ರಕ್ಕೆ ಸಿಕ್ಕಿ ಪುಡಿಯಾಗಿತ್ತು. ಆಯುವವರು ಯಾರೂ ಇರಲಿಲ್ಲ. ಒಂದು ಕಾಯಿಯನ್ನು ಸುಲಿದು ಬೀಜವನ್ನು ಅಂಗೈಯಲ್ಲಿಟ್ಟುಕೊಂಡೆ. ಆ ಕಹಿ ವಾಸನೆ ಮೂಗಿಗೆ ಬಡಿಯುತ್ತಲೇ ನನ್ನ ಅಜ್ಜಿ ಕಣ್ಣೆದುರು ಬಂದು ನಿಂತಳು.

ನಾನು ಹುಡುಗನಾಗಿದ್ದ ಕಾಲದಲ್ಲಿ ತಪಸ್ಸುಕಾಲವೆಂದರೆ ನಮ್ಮ ಮನೆಗೆ ಹೊಂಗೆಯ ಕಾಲವೂ ಆಗಿತ್ತು. ಹೊಲದ ಕೆಲಸ ಮುಗಿದಿರುತ್ತಿತ್ತು. ರಾಗಿ ಕಣಜ ಸೇರಿರುತ್ತಿತ್ತು. ಕೂಲಿ ಸಿಗದ ಆ ಒಣ ತಿಂಗಳುಗಳಲ್ಲಿ ಅಜ್ಜಿ ಬೆಳಗಿನ ಜಾವವೇ ಎದ್ದು, ಪುಟ್ಟಿಯೊಂದನ್ನು ಸೊಂಟಕ್ಕಿಟ್ಟುಕೊಂಡು ಏರಿಯ ಕಡೆಗೆ ನಡೆಯುತ್ತಿದ್ದಳು. ಆಯ್ದು ತಂದ ಕಾಯಿಯನ್ನು ಅಂಗಳದಲ್ಲಿ ಒಣಗಿಸಿ, ಕೋಲಿನಿಂದ ಬಡಿದು ಬೀಜ ಬಿಡಿಸುವುದು ನಮ್ಮ ಕೆಲಸ. ಒಂದಿಷ್ಟು ಬೀಜ ಗಾಣಕ್ಕೆ ಹೋಗಿ ಎಣ್ಣೆಯಾಗಿ ಬರುತ್ತಿತ್ತು. ಆ ಎಣ್ಣೆ ದೀಪಕ್ಕೂ ಆಗುತ್ತಿತ್ತು, ದನದ ಮೈಯ ಹುಣ್ಣಿಗೂ ಆಗುತ್ತಿತ್ತು. ಹಿಂಡಿ ಹೊಲಕ್ಕೆ ಗೊಬ್ಬರ. ಸೊಪ್ಪು ಗದ್ದೆಗೆ ಗೊಬ್ಬರ. ಉಳಿದ ಬೀಜ ಸಂತೆಗೆ. ಆ ಹಣದಿಂದಲೇ ಅಜ್ಜಿ ಪಾಸ್ಕ ಹಬ್ಬಕ್ಕೆ ನಮಗೆ ಬಟ್ಟೆ ಕೊಡಿಸುತ್ತಿದ್ದಳು. ಏರಿಯ ಮರಗಳನ್ನು ನೆಟ್ಟವರು ಯಾರೆಂದು ಯಾರಿಗೂ ತಿಳಿದಿರಲಿಲ್ಲ. ಬಿದ್ದ ಕಾಯಿ ಬಗ್ಗಿ ಆಯ್ದವರದು ಎಂಬುದೇ ಊರಿನ ಕಟ್ಟಳೆಯಾಗಿತ್ತು.

ನಾನು ಹೈಸ್ಕೂಲಿಗೆ ಬಂದ ವರ್ಷ ಬೀಜಕ್ಕೆ ಬೆಲೆ ಏರಿತು. ಆ ವರ್ಷವೇ ಏರಿಯ ಮರಗಳ ಫಸಲನ್ನು ಹರಾಜು ಹಾಕಲಾಯಿತು. ಹಿಡಿದವನು ಬೇರೆ ಊರಿನ ಗುತ್ತಿಗೆದಾರ. ಎಂದಿನಂತೆ ಮುಂಜಾನೆ ಹೋದ ಅಜ್ಜಿ ಖಾಲಿ ಪುಟ್ಟಿ ಹಿಡಿದು ಹಿಂದಿರುಗಿದಳು. ಕಾವಲಿನವನು ಅವಳು ಆಯ್ದಿದ್ದನ್ನೂ ಸುರಿಸಿಕೊಂಡು ಕಳುಹಿಸಿದ್ದ. ಜಗಲಿಯ ಮೇಲೆ ಕುಳಿತು ಅವಳು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: “ಬಿದ್ದ ಬೀಜಕ್ಕೂ ಯಜಮಾನ ಹುಟ್ಕಂಡವ್ನೆ ಕಣ್ ಮಗ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಚ್ಚರಿಯಿತ್ತು. ಬೆಲೆಯಿಲ್ಲದಿದ್ದಾಗ ತನ್ನದಾಗಿದ್ದ ವಸ್ತು ಬೆಲೆ ಬಂದ ಕೂಡಲೇ ತನ್ನದಲ್ಲವಾಯಿತು ಹೇಗೆ ಎಂಬ ಅಚ್ಚರಿ ಅದು. ಆ ಪ್ರಶ್ನೆಗೆ ನನ್ನಲ್ಲಿ ಆಗ ಉತ್ತರವಿರಲಿಲ್ಲ. ಮುಂದೆ ಜೈವಿಕ ಇಂಧನದ ಬಗ್ಗೆ ಓದತೊಡಗಿದಾಗ ಅದೇ ಪ್ರಶ್ನೆ ದೊಡ್ಡ ದೊಡ್ಡ ಯೋಜನೆಗಳ ಒಳಗೂ ಅಡಗಿ ಕುಳಿತಿರುವುದು ಕಾಣಿಸಿತು.

ಸಸ್ಯದ ಎಣ್ಣೆಯಿಂದ ಎಂಜಿನ್ ಓಡಿಸುವುದು ಹೊಸ ಕನಸೇನಲ್ಲ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿಯೇ ರುಡಾಲ್ಫ್ ಡೀಸೆಲ್ ಕಂಡುಹಿಡಿದ ಮಾದರಿಯ ಒಂದು ಎಂಜಿನ್ನನ್ನು ಕಡಲೆಕಾಯಿ ಎಣ್ಣೆಯಿಂದ ನಡೆಸಿ ತೋರಿಸಲಾಗಿತ್ತು. ಆಮೇಲೆ ಭೂಮಿಯೊಳಗಿನ ಎಣ್ಣೆ ಅಗ್ಗವಾಗಿ ಸಿಕ್ಕಿತು. ಜಗತ್ತು ಮರದ ಎಣ್ಣೆಯನ್ನು ಮರೆಯಿತು. ನಮ್ಮ ನೆರೆಯ ತುಮಕೂರು ಜಿಲ್ಲೆಯಲ್ಲಿ ಅದನ್ನು ಮತ್ತೆ ನೆನಪಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಅವರು. 1990ರ ದಶಕದ ಕೊನೆಯಲ್ಲಿ ಕಗ್ಗನಹಳ್ಳಿಯ ಸುತ್ತಿನ ಹಳ್ಳಿಗಳಲ್ಲಿ ಹೊಂಗೆ ಎಣ್ಣೆಯಿಂದಲೇ ಜನರೇಟರ್ ನಡೆಸಿ, ಕೊಳವೆಬಾವಿಯ ನೀರೆತ್ತಿ, ಒಣಹೊಲಗಳಿಗೆ ಹಾಯಿಸಿ ತೋರಿಸಿದರು. ಎಣ್ಣೆ ಹಳ್ಳಿಯದು, ನೀರು ಹಳ್ಳಿಯದು, ಬೆಳೆಯೂ ಹಳ್ಳಿಯದು.

ಹೊಂಗೆ ಈ ಕೆಲಸಕ್ಕೆ ಹೇಳಿ ಮಾಡಿಸಿದ ಮರ. ಬರವನ್ನು ತಡೆಯುತ್ತದೆ, ದನಕರು ಸುಲಭವಾಗಿ ಬಾಯಿ ಹಾಕುವುದಿಲ್ಲ, ಬೇರಿನ ಗಂಟುಗಳಿಂದ ಮಣ್ಣಿಗೆ ಸಾರಜನಕ ಕೊಡುತ್ತದೆ. ನೆಟ್ಟ ಐದಾರು ವರ್ಷಕ್ಕೆ ಕಾಯಿ ಬಿಡಲು ಆರಂಭಿಸುತ್ತದೆ. ಯಂತ್ರದ ಗಾಣದಲ್ಲಿ ಸುಮಾರು ನಾಲ್ಕು ಕಿಲೋ ಬೀಜಕ್ಕೆ ಒಂದು ಲೀಟರ್ ಎಣ್ಣೆ ಸಿಗುತ್ತದೆ. ಎಣ್ಣೆಗೆ ಮೆಥನಾಲ್ ಮತ್ತು ಕ್ಷಾರ ಬೆರೆಸಿ ಬಿಸಿ ಮಾಡಿದರೆ ಗ್ಲಿಸರಿನ್ ಕೆಳಗಿಳಿದು ಬಯೋಡೀಸೆಲ್ ಮೇಲೆ ನಿಲ್ಲುತ್ತದೆ. ಹಿಂಡಿ ಮತ್ತೆ ಹೊಲಕ್ಕೇ ಮರಳುತ್ತದೆ. ಇದು ತಿನ್ನುವ ಎಣ್ಣೆಯಲ್ಲವಾದ್ದರಿಂದ ಯಾರ ಅನ್ನದ ತಟ್ಟೆಗೂ ಕೈ ಹಾಕಿದಂತಾಗುವುದಿಲ್ಲ.

ಇಷ್ಟೆಲ್ಲ ಗುಣವಿದ್ದೂ ಕಾಯಿ ಏರಿಯ ಮೇಲೆ ಪುಡಿಯಾಗುತ್ತಿದೆ ಏಕೆ?

ಯೋಜನೆಗಳಿಗೇನೂ ಕೊರತೆಯಿರಲಿಲ್ಲ. 2003ರಲ್ಲಿ ಕೇಂದ್ರದ ಯೋಜನಾ ಆಯೋಗದ ಸಮಿತಿಯು ದೇಶದ ಡೀಸೆಲ್ಲಿಗೆ ಶೇಕಡ 20ರಷ್ಟು ಬಯೋಡೀಸೆಲ್ ಬೆರೆಸುವ ಗುರಿಯಿಟ್ಟು, ಜತ್ರೋಫ ಗಿಡವನ್ನು ಲಕ್ಷಾಂತರ ಹೆಕ್ಟೇರುಗಳಲ್ಲಿ ಬೆಳೆಸಲು ಸೂಚಿಸಿತು. 2005ರಲ್ಲಿ ತೈಲ ಕಂಪನಿಗಳು ಬಯೋಡೀಸೆಲ್ಲನ್ನು ನಿಗದಿತ ಬೆಲೆಗೆ ಕೊಳ್ಳಬೇಕೆಂಬ ನೀತಿ ಬಂತು. ತಯಾರಿಸುವ ಖರ್ಚೇ ಅದಕ್ಕಿಂತ ಹೆಚ್ಚಾಗುತ್ತಿತ್ತು. ಆ ಬೆಲೆಗೆ ಮಾರಲು ಬಂದವರು ವಿರಳ. ಬರಡು ನೆಲದಲ್ಲಿ ನೀರು, ಗೊಬ್ಬರವಿಲ್ಲದೆಯೂ ಹೊನ್ನು ಸುರಿಸುತ್ತದೆಂದು ಹೊಗಳಿಸಿಕೊಂಡ ಜತ್ರೋಫ ಬರಡು ನೆಲದಲ್ಲಿ ಬರಡು ಫಸಲನ್ನೇ ಕೊಟ್ಟಿತು. ನಂಬಿ ನೆಟ್ಟ ರೈತರು ಅನೇಕ ಕಡೆ ಗಿಡ ಕಿತ್ತು ಹಾಕಿದರು.

ನಮ್ಮ ರಾಜ್ಯ ಇದರಿಂದ ಕೆಲವು ಪಾಠ ಕಲಿತಿತ್ತು ಎನ್ನಬೇಕು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯವು 2007ರಲ್ಲಿ ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವನ್ನು ಆರಂಭಿಸಿತು. 2009ರಲ್ಲಿ ರಾಜ್ಯದ ಜೈವಿಕ ಇಂಧನ ನೀತಿ ಬಂತು. ಆಹಾರ ಬೆಳೆಯುವ ಹೊಲವನ್ನು ಮುಟ್ಟದೆ ಬದು, ಬೇಲಿ, ಪಾಳು ನೆಲಗಳಲ್ಲಿ ಹೊಂಗೆ, ಬೇವು, ಹಿಪ್ಪೆ, ಸೀಮರೂಬ ಬೆಳೆಸಬೇಕೆಂಬುದು ಅದರ ತಿರುಳು. ಒಂದೇ ಗಿಡವನ್ನು ನಂಬದೆ ಊರ ಮರಗಳನ್ನೇ ನೆಚ್ಚಿದ್ದು ವಿವೇಕದ ಮಾತು. ‘ಹಸಿರು ಹೊನ್ನು’, ‘ಬರಡು ಬಂಗಾರ’ ಎಂಬ ಕಾರ್ಯಕ್ರಮಗಳೂ ಬಂದವು.

ಆ ವರ್ಷಗಳಲ್ಲೇ ನಮ್ಮ ಹೊಲದ ಬದುವಿಗೂ ಸಸಿಗಳು ಬಂದವು. ಅಪ್ಪ ಉತ್ಸಾಹದಿಂದ ನಲವತ್ತು ಸಸಿ ಇಳಿಸಿಕೊಂಡರು. ನೆಟ್ಟ ದಿನ ಫೋಟೋ ತೆಗೆದರು, ಹೆಸರು ಬರೆದುಕೊಂಡು ಹೋದರು. ಆಮೇಲೆ ಯಾರೂ ಬರಲಿಲ್ಲ ಎಂದು ದೂರುವುದು ಸುಲಭ. ನಾವಾದರೂ ಏನು ಮಾಡಿದೆವು? ಮೊದಲ ಬೇಸಿಗೆಯಲ್ಲಿ ಯಾರೊಬ್ಬರೂ ಒಂದು ಕೊಡ ನೀರು ಹೊರಲಿಲ್ಲ. ನಾನು ಬೆಂಗಳೂರಿನಲ್ಲಿದ್ದೆ, ತಮ್ಮನಿಗೆ ರೇಷ್ಮೆಹುಳುವಿನ ಚಾಕರಿ. ಇಂದು ಆ ನಲವತ್ತರಲ್ಲಿ ಐದು ಮರ ಉಳಿದಿವೆ. ಕಡತದಲ್ಲಿ ಬಹುಶಃ ನಲವತ್ತೂ ಹಸಿರಾಗಿಯೇ ಇವೆ.

ನಮ್ಮ ಜಿಲ್ಲೆಯವರಾದ ನಾವು ಹೀಗೆ ಮರೆತದ್ದು ಹೆಚ್ಚು ನಾಚಿಕೆಯ ಸಂಗತಿ. 2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡು 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಪಡೆದ ಈ ನೆಲದಲ್ಲಿಯೇ, ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಲ್ಲಿ, ಸಾಲುಮರದ ತಿಮ್ಮಕ್ಕ ಬದುಕಿದ್ದರು. ಹುಲಿಕಲ್ಲಿನಿಂದ ಕುದೂರಿನವರೆಗೆ ಸುಮಾರು ನಾಲ್ಕು ಕಿಲೋಮೀಟರ್ ಹಾದಿಯಲ್ಲಿ ಆ ತಾಯಿಯೂ ಅವರ ಪತಿ ಚಿಕ್ಕಯ್ಯನವರೂ ಬೆಳೆಸಿದ ಆಲದ ಮರಗಳು 385. ಮೊದಲ ವರ್ಷ ನೆಟ್ಟದ್ದು ಹತ್ತೇ ಸಸಿ ಎಂಬುದನ್ನು ನಾವು ನೆನಪಿಡಬೇಕು. ಕೊಡಗಳಲ್ಲಿ ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿ, ಅವು ಬದುಕಿದ ಮೇಲೆ ಮುಂದಿನವನ್ನು ನೆಟ್ಟರು. ನಾವು ಒಂದೇ ದಿನ ನಲವತ್ತು ನೆಟ್ಟೆವು. 2019ರಲ್ಲಿ ರಸ್ತೆ ಅಗಲಿಸುವ ಕಾಮಗಾರಿಯಿಂದ ಆ ಮರಗಳಿಗೇ ಕುತ್ತು ಬಂದಾಗ ಅವರು ಇಳಿವಯಸ್ಸಿನಲ್ಲಿ ಮುಖ್ಯಮಂತ್ರಿಗಳ ಮೊರೆ ಹೋಗಬೇಕಾಯಿತು. 2025ರ ನವೆಂಬರ್ 14ರಂದು ಅವರು ತೀರಿಕೊಂಡರು. ಮರ ಬೆಳೆಸಿದವರಿಗೂ ಆ ಮರದ ಮೇಲೆ ಮಾತಾಡುವ ಹಕ್ಕು ತಾನಾಗಿ ಬರುವುದಿಲ್ಲ, ಅದನ್ನು ಕೇಳಿ ಪಡೆಯಬೇಕು ಎಂಬ ಪಾಠವನ್ನೂ ಅವರ ಬಾಳು ನಮಗೆ ಬಿಟ್ಟುಹೋಗಿದೆ.

ಚನ್ನಪಟ್ಟಣದ ಬೊಂಬೆ ಮಾಡುವವರಿಗೂ ಈ ಪಾಠ ಗೊತ್ತು. ಅವರ ಕಸುಬೆಲ್ಲ ನಿಂತಿರುವುದು ಬಿಳಿಯ ನುಣುಪು ಕಟ್ಟಿಗೆ ಕೊಡುವ ಆಲೆ ಮರದ ಮೇಲೆ. ಬೊಂಬೆಗೆ ಜಗತ್ತಿನಲ್ಲಿ ಹೆಸರಿದೆ, ಭೌಗೋಳಿಕ ಗುರುತಿನ ಮುದ್ರೆಯಿದೆ. ಆದರೆ ಮರವನ್ನು ಬೆಳೆಸುವ ಹೊಣೆ ಯಾರದೆಂದು ಹೇಳುವವರಿಲ್ಲದಿದ್ದರೆ, ಚರಕಿಯ ಮುಂದೆ ಕುಳಿತವನ ಕೈ ಎಷ್ಟು ನುರಿತಿದ್ದರೇನು ಫಲ?

ಹಾಗಾದರೆ ನಮ್ಮ ಜನಕ್ಕೆ ವ್ಯವಸ್ಥೆ ಕಟ್ಟಲು ಬಾರದೇ? ಬರುತ್ತದೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೋಡಿ. ಅಪ್ಪನ ಜೊತೆ ಚಿಕ್ಕಂದಿನಲ್ಲಿ ಎಷ್ಟೋ ಸಲ ಅಲ್ಲಿಗೆ ಹೋಗಿದ್ದೇನೆ. ಗೂಡನ್ನು ಜಾಲರಿಯಲ್ಲಿ ಹರವಿದರೆ ಕೊಳ್ಳುವವರು ಬಂದು ಮುಟ್ಟಿ, ಅಲುಗಿಸಿ ನೋಡುತ್ತಾರೆ. ಹರಾಜು ಎಲ್ಲರ ಕಿವಿಗೆ ಬೀಳುವಂತೆ ನಡೆಯುತ್ತಿತ್ತು. ಈಚಿನ ವರ್ಷಗಳಲ್ಲಿ ಇ-ಹರಾಜು ಬಂದಿದೆ. ತೂಕ ಎಲ್ಲರೆದುರು. ಒಪ್ಪದ ಬೆಲೆಗೆ ಕೊಡುವುದಿಲ್ಲ ಎನ್ನುವ ಹಕ್ಕು ರೈತನಿಗಿದೆ. ಇದೆಲ್ಲ ತಾನಾಗಿ ಆದದ್ದಲ್ಲ. ಗೂಡಿನ ಮಾರಾಟವನ್ನು ನಿಯಂತ್ರಿಸುವ ಕಾನೂನು 1959ರಷ್ಟು ಹಿಂದೆಯೇ ಬಂದಿತ್ತು. ಹಾಲಿನ ಕಥೆಯೂ ಇದೇ. ಎಪ್ಪತ್ತರ ದಶಕದಿಂದ ಹಳ್ಳಿಹಳ್ಳಿಗೆ ಬಂದ ಡೇರಿಯಲ್ಲಿ, ಒಂದೇ ಹಸುವಿರುವ ವಿಧವೆಯ ಅರ್ಧ ಲೀಟರನ್ನೂ ಹತ್ತು ಹಸುವಿನ ಸಾಹುಕಾರನ ಕ್ಯಾನನ್ನೂ ಒಂದೇ ಅಳತೆಯಲ್ಲಿ ಅಳೆಯುತ್ತಾರೆ, ಒಂದೇ ಪುಸ್ತಕದಲ್ಲಿ ಬರೆಯುತ್ತಾರೆ. ಲೋಪಗಳಿಲ್ಲವೆಂದಲ್ಲ. ಆದರೆ ಅಳೆಯುವವನು ಯಾರು, ಕೊಡುವ ಬೆಲೆ ಎಷ್ಟು, ದುಡ್ಡು ಬರುವ ದಿನ ಯಾವುದು ಎಂಬುದು ಎಲ್ಲರಿಗೂ ಗೊತ್ತು.

ಹೊಂಗೆ ಬೀಜಕ್ಕೆ ಅಂತಹ ತಕ್ಕಡಿಯನ್ನು ನಾವು ಕಟ್ಟಲಿಲ್ಲ. ಸಸಿಗೆ ಯೋಜನೆ ಮಾಡಿದೆವು, ಎಣ್ಣೆಗೆ ಗುರಿ ಇಟ್ಟೆವು, ಎಂಜಿನ್ನಿಗೆ ಪ್ರಯೋಗಾಲಯ ತೆರೆದೆವು. ನಡುವೆ ಬಗ್ಗಿ ಕಾಯಿ ಆಯುವ ಹೆಂಗಸನ್ನು ಮರೆತೆವು. ಏರಿಯ ಮರದ ಕಾಯಿ ಯಾರದು? ಬದುವಿನ ಮರ ಇಬ್ಬರ ಹೊಲಕ್ಕೂ ನೆರಳು ಚಾಚಿದರೆ ಫಸಲು ಯಾರಿಗೆ? ಬರಡೆಂದು ಕಡತದಲ್ಲಿ ಬರೆದ ಗೋಮಾಳದಲ್ಲಿ ಈಗಾಗಲೇ ಕುರಿ ಮೇಯಿಸುವವನ, ಸೌದೆ ಆಯುವವಳ ಗತಿಯೇನು? ಚದುರಿಬಿದ್ದ ಬೀಜವನ್ನು ಒಟ್ಟುಗೂಡಿಸಿ, ತೂಗಿ, ಅಂದೇ ದುಡ್ಡು ಕೊಡುವವರು ಯಾರು? ಇವು ಸಣ್ಣ ಪ್ರಶ್ನೆಗಳಂತೆ ಕಾಣುತ್ತವೆ. ಇವುಗಳಿಗೆ ಉತ್ತರವಿಲ್ಲದ ಕಡೆ ದೊಡ್ಡ ಗುರಿಗಳು ನಿಲ್ಲಲಿಲ್ಲ. 2018ರ ರಾಷ್ಟ್ರೀಯ ನೀತಿಯು 2030ಕ್ಕೆ ಡೀಸೆಲ್ಲಿನಲ್ಲಿ ಶೇಕಡ 5ರಷ್ಟು ಬಯೋಡೀಸೆಲ್ ಇರಬೇಕೆನ್ನುತ್ತದೆ; ನಾವಿನ್ನೂ ಶೇಕಡ ಒಂದರ ಒಳಗೇ ಇದ್ದೇವೆ.

ಇತ್ತ ಪೆಟ್ರೋಲಿನ ಕಥೆ ಬೇರೆ. 2013–14ರಲ್ಲಿ ಸುಮಾರು ಒಂದೂವರೆ ಶೇಕಡ ಇದ್ದ ಎಥನಾಲ್ ಬೆರಕೆ 2025ರ ಹೊತ್ತಿಗೆ ಶೇಕಡ 20ಕ್ಕೆ ಏರಿದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಬಂಕಿನಲ್ಲಿ ನಾನು ಸ್ಕೂಟರಿಗೆ ತುಂಬಿಸಿಕೊಳ್ಳುವ ಪೆಟ್ರೋಲಿನಲ್ಲಿ ಐದರಲ್ಲೊಂದು ಪಾಲು ಕಬ್ಬು, ಜೋಳ, ಅಕ್ಕಿಯಿಂದ ಬಂದದ್ದು. ಇಲ್ಲಿ ಕೊಳ್ಳುವವರು ಖಚಿತ, ಬೆಲೆ ಖಚಿತ. ಆದ್ದರಿಂದ ಗುರಿ ಮುಟ್ಟಿತು. ವಿದೇಶದ ಎಣ್ಣೆಗೆ ಕೊಡುವ ಹಣ ಉಳಿದು ಅದರಲ್ಲೊಂದು ಪಾಲು ನಮ್ಮ ರೈತನಿಗೆ ಬಂದರೆ ಸಂತೋಷವೇ. ಆದರೆ ಗೆಲುವಿಗೂ ಲೆಕ್ಕ ಕೇಳಬೇಕು. ಕಬ್ಬಿನಿಂದ ಒಂದು ಲೀಟರ್ ಎಥನಾಲ್ ಆಗಲು ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ 2021ರ ವರದಿಯೇ ಹೇಳುತ್ತದೆ. 2023ರಲ್ಲಿ ಮಳೆ ಕೈಕೊಟ್ಟಾಗ ಡಿಸೆಂಬರಿನಲ್ಲಿ ಕಬ್ಬಿನ ಹಾಲಿನಿಂದ ಎಥನಾಲ್ ಮಾಡುವುದನ್ನು ಕೇಂದ್ರ ಸರ್ಕಾರವೇ ತಡೆಯಬೇಕಾಯಿತು, ಬಳಿಕ ಸಡಿಲಿಸಿತು. ಅದೇ ವರ್ಷ ಜುಲೈಯಿಂದ ನಮ್ಮ ರಾಜ್ಯದಲ್ಲಿ ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿ ಸಿಗದೆ ತಲೆಗೆ 170 ರೂಪಾಯಿಯಂತೆ ಹಣ ಕೊಟ್ಟದ್ದು ನಮಗೆಲ್ಲ ನೆನಪಿದೆ. 2025ರ ಜನವರಿಯಲ್ಲಿ ಕೇಂದ್ರವು ತನ್ನ ದಾಸ್ತಾನಿನ ಅಕ್ಕಿಯನ್ನು ರಾಜ್ಯ ಸರ್ಕಾರಗಳಿಗೂ ಎಥನಾಲ್ ಕಾರ್ಖಾನೆಗಳಿಗೂ ಕ್ವಿಂಟಾಲಿಗೆ 2,250 ರೂಪಾಯಿಯ ಒಂದೇ ದರದಲ್ಲಿ ಕೊಡಲು ನಿರ್ಧರಿಸಿತು. ಉಗ್ರಾಣ ತುಂಬಿ ತುಳುಕುವ ವರ್ಷ ಇದು ತಪ್ಪೆನಿಸದೇ ಇರಬಹುದು. ಬರದ ವರ್ಷ ತಟ್ಟೆಗೆ ಮೊದಲೋ ಟ್ಯಾಂಕಿಗೆ ಮೊದಲೋ ಎಂಬುದನ್ನು ಮುಂಚಿತವಾಗಿಯೇ ಬರೆದಿಡಬೇಡವೇ? ಹಸಿರು ಇಂಧನ ಎಂಬ ಹೆಸರೊಂದೇ ಈ ಪ್ರಶ್ನೆಗೆ ಉತ್ತರವಾಗಲಾರದು.

ಪವಿತ್ರ ಗ್ರಂಥ ಓದುವ ನಮಗೆ ಇದು ಹೊಸ ಪ್ರಶ್ನೆಯಲ್ಲ. ಹೊಲದ ಅಂಚನ್ನು ಪೂರ್ತಿ ಕೊಯ್ಯಬಾರದು, ಬಿದ್ದ ತೆನೆಯನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು ಎಂಬ ಕಟ್ಟಳೆಯನ್ನು ಯಾಜಕಕಾಂಡದಲ್ಲಿ ಕಾಣುತ್ತೇವೆ. ಆ ಕಟ್ಟಳೆ ಇದ್ದುದರಿಂದಲೇ ರೂತಳು ಬೋವಜನ ಹೊಲದಲ್ಲಿ ತಲೆಯೆತ್ತಿ ತೆನೆ ಆಯಲು ಸಾಧ್ಯವಾಯಿತು. ಬೋವಜನ ಒಳ್ಳೆಯತನವನ್ನು ನಾವು ಪ್ರಸಂಗಗಳಲ್ಲಿ ಬಹಳ ಸಲ ಕೇಳಿದ್ದೇವೆ. ಅವನ ಒಳ್ಳೆಯತನಕ್ಕೂ ಮೊದಲು ಅಲ್ಲೊಂದು ನಿಯಮವಿತ್ತು ಎಂಬುದನ್ನು ಅಷ್ಟಾಗಿ ಗಮನಿಸುವುದಿಲ್ಲ. ನನ್ನ ಅಜ್ಜಿಯ ಊರಿನಲ್ಲಿಯೂ ಅಂತಹ ನಿಯಮವಿತ್ತು. ಬರೆದಿಟ್ಟಿರಲಿಲ್ಲವಾದ್ದರಿಂದ ಒಂದೇ ಹರಾಜಿನಲ್ಲಿ ಅಳಿಸಿಹೋಯಿತು.

ಬರೆದಿಡಲು ಇಂದು ದಾರಿಗಳಿವೆ. ಗ್ರಾಮಸಭೆಯಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿಯೊಂದು ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರ ಮರಗಿಡಗಳ ದಾಖಲೆ ಬರೆಯುವುದು ಅದರ ಕೆಲಸ. ಏರಿಯ ಹೊಂಗೆಯನ್ನು ಹೊರಗಿನವರಿಗೆ ಹರಾಜು ಹಾಕುವ ಬದಲು ಊರಿನ ಸ್ತ್ರೀಶಕ್ತಿ ಸಂಘಕ್ಕೆ ವಹಿಸಬಹುದು. ಡೇರಿಯಲ್ಲಿ ಹಾಲು ಅಳೆದಂತೆ ವಾರಕ್ಕೊಮ್ಮೆ ಬೀಜ ತೂಗಿ ಪುಸ್ತಕದಲ್ಲಿ ಬರೆಯಬಹುದು. ಒಂದು ಸಣ್ಣ ಗಾಣ ಹತ್ತಾರು ಹಳ್ಳಿಗೆ ಸಾಕಾಗಬಹುದು. ಎಣ್ಣೆ ಬಸ್ಸಿಗೇ ಹೋಗಬೇಕೆಂದಿಲ್ಲ. ಪಂಪಿಗೆ ಹೋಗಲಿ, ಹಿಂಡಿ ಹೊಲಕ್ಕೆ ಬರಲಿ. ಇದರಿಂದ ದೇಶದ ಡೀಸೆಲ್ ಸಮಸ್ಯೆ ತೀರುವುದಿಲ್ಲ. ಒಬ್ಬ ಹೆಂಗಸಿನ ಒಣ ತಿಂಗಳುಗಳ ಸಮಸ್ಯೆ ಸ್ವಲ್ಪ ತೀರೀತು. ನಾವು ಕೈಗೆತ್ತಿಕೊಳ್ಳಬಹುದಾದ ಅಳತೆ ಅದೇ ಎಂದು ನನಗನ್ನಿಸುತ್ತದೆ.

ಅಂದು ಏರಿಯ ಮೇಲೆ ಬ್ಯಾಗು ಕೆಳಗಿಟ್ಟು, ಕೈಲಿದ್ದ ಚೀಲ ತುಂಬುವಷ್ಟು ಕಾಯಿ ಆಯ್ದೆ. ಹಾದುಹೋಗುವ ಹುಡುಗರು ಬೈಕು ನಿಧಾನಿಸಿ ನೋಡಿ ನಕ್ಕರು. ಅರ್ಧ ಗಂಟೆಗೇ ಬೆನ್ನು ನೋಯತೊಡಗಿತು. ಅಜ್ಜಿ ಇಡೀ ದಿನ ಹೇಗೆ ಬಗ್ಗುತ್ತಿದ್ದಳೋ! ಮನೆಗೆ ತಂದು ಅಂಗಳದಲ್ಲಿ ಸುರಿದಾಗ ಚಿಕ್ಕಮ್ಮ ಹೊರಗೆ ಬಂದು, ಒಂದು ಕಾಯಿಯನ್ನು ಬೆರಳ ನಡುವೆ ಮುರಿದು, ಬೀಜ ಮೂಸಿ ನೋಡಿದರು.

“ಬೀಜ ಬಲ್ತದೆ,” ಎಂದರು. “ಆಯೋಕೇನು, ಈಗ್ಲೂ ಆಯ್ತೀವಿ. ತೂಗೋರು ಯಾರು ಹೇಳಪ್ಪ?”

ಮುಂದಿನ ಗ್ರಾಮಸಭೆಗೆ ಚಿಕ್ಕಮ್ಮನೊಡನೆ ನಾನೂ ಹೋಗುವವನಿದ್ದೇನೆ. ಕೇಳಬೇಕಾದ ಪ್ರಶ್ನೆಯನ್ನು ಅವರೇ ಕೇಳುತ್ತಾರೆ.